ಮೆಟ್ಟಿಲಿಳಿದು ಬಂದ ಪಾದಗಳು

ಮೊನ್ನೆ ಸಂತೆಯಿಂದ ಬರುವಾಗ ಕಡಲೆಕಾಯಿ ಮಾರುವವನ ಗಾಡಿಯ ಮೇಲೆ ಕಾರ್ಬೈಡ್ ದೀಪ ಉರಿಯುತ್ತಿತ್ತು. ಕೊಳೆತ ಬೆಳ್ಳುಳ್ಳಿಯಂತಹ ಅದರ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತುಬಿಟ್ಟೆ. ಹಿರಿಯೂರಿನ ಹೊಳೆದಂಡೆಗೆ ಬಂದಿದ್ದ ಸಿನಿಮಾ ಡೇರೆಯ ತುಂಬ ಇದೇ ವಾಸನೆಯಿತ್ತು. ನನ್ನ ಪಕ್ಕದಲ್ಲಿ ದೊಡ್ಡವ್ವ ಕೂತಿದ್ದಳು...

ದೊಡ್ಡವ್ವ ಅಂದರೆ ನನ್ನ ತವರಿನ ಪಕ್ಕದ ಮನೆಯಾಕೆ. ರಕ್ತಸಂಬಂಧವೇನಿಲ್ಲ. ಅವಳ ಮಗಳೂ ನಾನೂ ಒಂದೇ ವಾರಿಗೆಯವರು, ಜೊತೆಯಲ್ಲೇ ಹೊಳೆಗೆ ನೀರಿಗೆ ಹೋಗುತ್ತಿದ್ದವರು. ಗೆಳತಿ ಚೆನ್ನಾಗಿ ಹಾಡುತ್ತಿದ್ದಳು, ಓಣಿಯ ಯಾರನ್ನು ಬೇಕಾದರೂ ಅಣಕಿಸಿ ತೋರಿಸುತ್ತಿದ್ದಳು. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಕಾಲು ಮುರಿದಿದ್ದರಿಂದ ಎಡಪಾದವನ್ನು ಒಳಕ್ಕೆ ತಿರುಗಿಸಿ ಇಡುತ್ತಿದ್ದಳು. ನನಗೆ ಮದುವೆಯಾದ ವರ್ಷ ಅವಳು ದಾವಣಗೆರೆಯ ನೆಂಟರ ಮನೆಗೆ ಹೋದಳು. ಅಲ್ಲೇ ಪ್ಲೇಗು ತಗುಲಿ ತೀರಿಕೊಂಡಳೆಂದು ಸುದ್ದಿ ಬಂತು. ಪ್ಲೇಗಿನ ಹೆಣವನ್ನು ಯಾರೂ ಊರಿಗೆ ತರುತ್ತಿರಲಿಲ್ಲ. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ದೊಡ್ಡವ್ವನ ಗಂಡ, ಹತ್ತಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ, ಅಯ್ಯನವರನ್ನು ಕರೆಸಿ ಶಿವಗಣಾರಾಧನೆ ಮಾಡಿಸಿದ. ಓಣಿಗೆಲ್ಲ ಊಟ. ಸತ್ತವಳ ಹೆಸರಿನಲ್ಲಿ ಬಡಿಸಿದ ಹೋಳಿಗೆಯನ್ನು ನಾನು ಅಳುತ್ತಲೇ ತಿಂದೆ.

ಅದಾಗಿ ಎರಡು ಮೂರು ವರ್ಷ ಕಳೆದಿರಬೇಕು. ನಾನು ತವರಿಗೆ ಬಂದಿದ್ದಾಗ ಡೇರೆ ಬಂತು. ದುಃಖ ಸ್ವಲ್ಪ ಮರೆಯಲಿ ಎಂದು ಓಣಿಯ ಹೆಂಗಸರೆಲ್ಲ ಸೇರಿ, ಒಲ್ಲೆ ಒಲ್ಲೆ ಎನ್ನುತ್ತಿದ್ದ ದೊಡ್ಡವ್ವನನ್ನು ಎಳೆದುಕೊಂಡು ಹೋದೆವು.

ಪರದೆಯ ಮೇಲೆ ಮೊದಲು ಬರಿಯ ಕಲ್ಲುಮೆಟ್ಟಿಲು. ಬಹಳ ಹೊತ್ತು ಅದೇ. ಆಮೇಲೆ ಮೇಲಿನಿಂದ ಒಂದು ನೆರಳು ಇಳಿಯಿತು. ಅದರ ಹಿಂದೆಯೇ ಎರಡು ಪಾದ, ಸೀರೆಯ ಅಂಚು, ಅಷ್ಟೇ. ನಾಟಕದಲ್ಲಿ ಇಡೀ ಮನುಷ್ಯನನ್ನು ನೋಡಿ ರೂಢಿಯಿದ್ದ ಜನ ಗಾಬರಿಯಾದರು.

"ಲೇ, ಕಾಲು ಕಡಿದುಬಿಟ್ಟವ್ರಲೇ!" ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದ.

ಅದು ಮಾತಿಲ್ಲದ ಚಿತ್ರ. ಕಥೆ ಹೇಳುವವನೊಬ್ಬ ಕೋಲು ಹಿಡಿದು ಪರದೆಯ ಪಕ್ಕ ನಿಂತಿದ್ದ. "ಸುಮ್ಕೆ ನೋಡ್ರಿ! ಮುಖ ಈಗ್ಲೇ ತೋರ್ಸಲ್ಲ. ಯಾರಿರಬೋದು ಅಂತ ನಿಮ್ಮೆದೆ ಬಡ್ಕಳ್ಲಿ" ಎಂದ.

ಪಾದವಾದ ಮೇಲೆ ಗೋಡೆ ಸವರುತ್ತ ಬರುವ ಕೈ, ಅದಾದ ಮೇಲೆ ಬೆನ್ನ ಮೇಲಿನ ಜಡೆ. ಚಿತ್ರ ತೆಗೆದವನು ಜಾಣ. ತುಂಡು ತುಂಡಾಗಿ ತೋರಿಸಿ, ಉಳಿದದ್ದನ್ನು ನಾವೇ ಕೂಡಿಸಿಕೊಳ್ಳುವಂತೆ ಮಾಡಿದ್ದ. ಖಾಲಿ ಮೆಟ್ಟಿಲನ್ನು ಅಷ್ಟು ಹೊತ್ತು ತೋರಿಸಿದ್ದರಿಂದಲೇ ಪಾದ ಕಂಡಾಗ ಎಲ್ಲರೂ ಕತ್ತು ಚಾಚಿದ್ದು. ಇದೆಲ್ಲ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ದೊಡ್ಡವ್ವನಿಗೆ ಮಾತ್ರ ಕೂಡಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಎಡಪಾದ ಒಳಕ್ಕೆ ತಿರುಗಿ ಮೆಟ್ಟಿಲ ಮೇಲೆ ಊರಿದ ಕೂಡಲೇ ಅವಳು ಎದ್ದು ನಿಂತಿದ್ದಳು.

"ನನ್ ಮಗಳು! ಅಯ್ಯೋ, ನನ್ ಮಗಳು ಕಣ್ರೇ!"

ಪಾಪ, ಭ್ರಮೆ ಅಂದುಕೊಂಡು ನಾನು ಅವಳ ಕೈ ಹಿಡಿದೆ. ಅಷ್ಟರಲ್ಲಿ ಪರದೆಯ ಹೆಂಗಸು ತಿರುಗಿದಳು. ಪರದೆ ತುಂಬ ಮುಖ. ಬಣ್ಣ ಬಳಿದಿತ್ತು, ಆದರೂ ಅವಳೇ... ನನ್ನ ಗೆಳತಿಯೇ.

ಹೆಂಗಸರ ಸಾಲಿನಲ್ಲಿ ಯಾರೂ ಪರದೆ ನೋಡುತ್ತಿರಲಿಲ್ಲ. ಎಲ್ಲರೂ ದೊಡ್ಡವ್ವನನ್ನು ನೋಡುತ್ತಿದ್ದರು, ಆ ಊಟ ಉಂಡವರೆಲ್ಲ. ದೊಡ್ಡವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕುಸಿದು ಕೂತಳು. ಚಿತ್ರ ಮುಗಿಯುವವರೆಗೂ ಸೆರಗು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನಮ್ಮ ಅಂಗಳಕ್ಕೆ ಬಂದಳು. ಅವ್ವ ಮೊರ ಹಿಡಿದು ರಾಗಿ ಕೇರುತ್ತಿದ್ದಳು. "ಒಳಗೆ ಬಾ ಅಕ್ಕ" ಎಂದರೂ ದೊಡ್ಡವ್ವ ಹೊಸಿಲು ದಾಟಲಿಲ್ಲ.

"ನನ್ ಮಗಳು ಸತ್ತಿರ್ಲಿಲ್ಲ ಕಣೇ ತಂಗಿ. ನಾಟಕದೋರ ಜೊತೆ ಹೋದ್ಲು. ಹಂಗನ್ನಾಕೆ ನಾಚ್ಕೆ ಆತು. ಪ್ಲೇಗು ಅಂದ್ರೆ ಯಾರೂ ಕೇಳಲ್ಲ ಅಂದ್ರು ಮನೆಯೋರು. ನಾನೂ ಹೂಂ ಅಂದೆ. ಜೀವ ಇರೋ ಮಗಳ ತಿಥಿ ಊಟ ನಿಮ್ಗೆಲ್ಲ ನಾನೇ ಬಡಿಸ್ದೆ."

ಅವ್ವ ಮೊರ ಕೆಳಗಿಟ್ಟಳು. "ಅವಳಿಗೆ ಅಂತ ನಾನು ಎಷ್ಟು ಅತ್ತೀನಿ, ನಿಂಗೆ ಗೊತ್ತೈತಾ ಅಕ್ಕ? ನಿನ್ನ ತಬ್ಕಂಡೇ ಅತ್ತಿದ್ದೆ."

"ಗೊತ್ತೈತೆ. ಅದಕ್ಕೇ ಬಂದೆ. ನಿನ್ನೆ ಅವಳನ್ನ ನೋಡಿ ನಾಚ್ಕೆ ಆಗ್ಲಿಲ್ಲ. ನನ್ನ ನೋಡ್ಕಂಡು ಆತು."

ಅಷ್ಟು ಹೇಳಿ ಅವಳು ಪಕ್ಕದ ಮನೆಗೆ ಹೋದಳು, ಅಲ್ಲಿಂದ ಅದರಾಚೆಯ ಮನೆಗೆ. ಉಂಡವರ ಮನೆಗೆಲ್ಲ ಹೋಗಿ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದಳು. ಕೆಲವರು ಬೈದರು, ಒಬ್ಬಾಕೆ ಬಾಗಿಲು ಹಾಕಿಕೊಂಡಳು. ದೊಡ್ಡಪ್ಪ ಮರ್ಯಾದೆ ಹೋಯಿತೆಂದು ಶ್ರೀರಾಂಪುರದ ತಮ್ಮನ ಮನೆ ಸೇರಿದ. ಮಗಳು ಎಲ್ಲಿದ್ದಾಳೆಂದು ಡೇರೆಯವರನ್ನು ದೊಡ್ಡವ್ವ ಕೇಳಿದಳಂತೆ. "ಚಿತ್ರದ ಡಬ್ಬಿ ಬೆಂಗಳೂರಿಂದ ಬರ್ತೈತವ್ವ. ಅದ್ರೊಳಗಿನೋರು ಎಲ್ಲವ್ರೋ ನಮಗೇನು ಗೊತ್ತು" ಎಂದರಂತೆ ಅವರು. ಮತ್ತೆ ಅವಳು ಡೇರೆಯ ಕಡೆ ಹೋಗಲಿಲ್ಲ. ಜನರ ನಡುವೆ ಕೂರಲು ಮುಖವಿಲ್ಲ ಎಂದಳು.

ನಾನು ಗಂಡನ ಮನೆಗೆ ಹೊರಡುವ ಮುನ್ನಾದಿನ ಹಿತ್ತಲ ಬೇಲಿಯ ಹತ್ತಿರ ಕರೆದಳು. "ಮುಂದೇನಾತೇ ಆ ಸಿನಿಮಾದಾಗೆ? ನಾನು ನೋಡ್ಲೇ ಇಲ್ಲ."

"ಮದುವೆ ಆಗಿ ಸುಖವಾಗಿರ್ತಾಳೆ ದೊಡ್ಡವ್ವ."

"ನೀನೂ ಸುಳ್ಳು ಹೇಳ್ಬ್ಯಾಡ. ಬಾವಿಗೆ ಬಿದ್ದು ಸಾಯ್ತಾಳಂತಲ್ಲ?" ನಾನು ತಲೆ ತಗ್ಗಿಸಿದೆ. ಅವಳು ನನ್ನ ಗಲ್ಲ ಹಿಡಿದೆತ್ತಿ ಕೇಳಿದಳು: "ಬರೀ ಆಟಕ್ಕೆ ಸಾಯೋದು ಕಣೇ. ಆಮೇಲೆ ಎದ್ದು ಊಟ ಮಾಡ್ತಾಳೆ ತಾನೆ?"

"ಮಾಡ್ತಾಳೆ."

"ಹಂಗಾರೆ ಸಾಯ್ಲಿ ಬಿಡು."

ಕೆಲವು ವರ್ಷದ ಮೇಲೆ ದೊಡ್ಡವ್ವನೇ ತೀರಿಕೊಂಡಳು. ಮಗಳಿಗೆ ಸುದ್ದಿ ಮುಟ್ಟಿಸಲು ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಅಯ್ಯನವರು "ಮಕ್ಕಳು ಯಾರಾರ ಅದಾರೇನ್ರಿ?" ಎಂದು ಕೇಳಿದರು. ಶ್ರೀರಾಂಪುರದಿಂದ ಬಂದಿದ್ದ ದೊಡ್ಡಪ್ಪ ನೆಲ ನೋಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವ್ವನೇ ಮುಂದೆ ಬಂದು, "ಒಬ್ಬಳು ಮಗಳು ಅವ್ಳೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಆ ಚಿತ್ರ ಈಗ ಎಲ್ಲೂ ಇಲ್ಲವಂತೆ. ಆಗಿನವೆಲ್ಲ ಸುಟ್ಟೋ ಹಾಳಾಗಿಯೋ ಹೋಗಿವೆಯಂತೆ. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಅಂದು ಆ ಸಾಲಿನಲ್ಲಿ ಕೂತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಗೆಳತಿ ಎಲ್ಲಾದರೂ ಇದ್ದರೆ ಅವಳೂ ನನ್ನಷ್ಟೇ ಮುದುಕಿ... ಇದ್ದಾಳೋ ಇಲ್ಲವೋ. ಗೊತ್ತಿಲ್ಲದೆ, ಅವಳಿಲ್ಲ ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.