ಬಲಗಡೆಯ ಕಂಪ್ಯೂಟರು

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಚಿತ್ರದಕ್ಕ ಎಂದೇ ಕರೆಯುತ್ತಿದ್ದರು. ರೋಗಿಯ ಒಳಗನ್ನು ಯಂತ್ರ ಪದರಪದರವಾಗಿ ತೆಗೆದು ಕಳಿಸಿದರೆ, ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಡಾಕ್ಟರಿಗೆ ಕಣ್ಣಿಗೆ ಕಟ್ಟುವ ಹಾಗೆ ಮಾಡಿಕೊಡುವುದು ಅವಳ ಕೆಲಸ. ಹಳೇ ಕಂಪ್ಯೂಟರು ದಿನಾ ಮುನಿಸಿಕೊಂಡು ಕೂರತೊಡಗಿದಾಗ, ಎರಡು ಕಂಪನಿಯವರು ತಮ್ಮ ತಮ್ಮ ಹೊಸ ಕಂಪ್ಯೂಟರು ತಂದು, ಕಿಟಕಿಯಿಲ್ಲದ ಆ ಕೋಣೆಯ ಒಂದೇ ಮೇಜಿನ ಮೇಲೆ ಸವತಿಯರಂತೆ ಅಕ್ಕಪಕ್ಕ ಕೂರಿಸಿ ಹೋದರು. ಯಾವುದು ಮೇಲೆಂದು ಬರೆದುಕೊಡುವ ಹೊಣೆ ಚಿತ್ರದಕ್ಕನ ತಲೆಗೆ ಬಂತು.

ಹೋಲಿಸಬೇಕಾದರೆ ಒಂದೇ ಚಿತ್ರವನ್ನು ಎರಡರಲ್ಲೂ ಹಾಕಿ ನೋಡಬೇಕು. ಕಂಪನಿಯವರ ಕಣ್ಣಿಗೆ ರೋಗಿಗಳ ಚಿತ್ರ ಬೀಳಬಾರದೆಂದು ಕಟ್ಟುನಿಟ್ಟಿನ ನಿಯಮವಿತ್ತು. ಮನೆಯಲ್ಲಿ ಈ ಮಾತು ಬಂದಾಗ ಗಂಡ ನಕ್ಕ. ಅವನು ಬಡಗಿ. ಆ ವರ್ಷ ಏಣಿಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡು ಅಲ್ಲೇ ಸ್ಕ್ಯಾನ್ ಮಾಡಿಸಿಕೊಂಡಿದ್ದ. ಮೂಳೆ ಕೂಡಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದ.

"ನಂದೇ ಹಾಕು. ಮದುವೆಯಾದಾಗಿಂದ ನನ್ನೆದೇಲಿ ಏನಿದೆ ಅಂತ ಕೇಳ್ತಾನೇ ಇದೀಯಲ್ಲ, ನೋಡ್ಕೋ."

ಎಡಗಡೆಯದು ಬಲು ಚುರುಕು. ಬೆರಳಾಡಿಸಿದರೆ ಸಾಕು, ಎದೆಗೂಡು ಬುಗುರಿಯ ಹಾಗೆ ತಿರುಗುತ್ತಿತ್ತು. ಬಲಗಡೆಯದರ ಫ್ಯಾನಿಗೆ ಸದಾ ಏದುಸಿರು. ಒಂದು ಚಿತ್ರ ಮೂಡುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಆದರೆ ಎಡಗಡೆ ಬರೀ ಮಸುಕಾಗಿ ಕಂಡದ್ದು ಇಲ್ಲಿ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಹಾಗೆ ಬಿಡಿಸಿಕೊಂಡಾಗಲೇ, ಮುರಿದ ಪಕ್ಕೆಲುಬಿನಿಂದ ದೂರ, ಶ್ವಾಸಕೋಶದ ತುದಿಯಲ್ಲಿ, ಕಡಲೆಕಾಳಿನಷ್ಟು ಒಂದು ಮಚ್ಚೆ ಕಂಡಿತು.

ಅವಳು ಎಡಗಡೆಯದಕ್ಕೆ ಹೊರಳಿ ಹುಡುಕಿದಳು. ಅಲ್ಲೂ ಇತ್ತು, ಇದೆ ಎಂದು ಗೊತ್ತಿದ್ದವರಿಗೆ. ಅಂದು ಮೂಳೆ ನೋಡುವ ಅವಸರದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜೋಡಿಸಿದವಳು ಅವಳೇ, ಅವಳ ಕಣ್ಣಿಗೂ ಬಿದ್ದಿರಲಿಲ್ಲ.

ದೊಡ್ಡ ಡಾಕ್ಟರು ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ನಾಳೆಯೇ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿದರು. ಹೊಸ ಸ್ಕ್ಯಾನಿನಲ್ಲಿ ಆ ಕಾಳು ಗಡ್ಡೆಯಾಗಿ ಬೆಳೆದಿತ್ತು.

ಔಷಧಿ ನಾಟಲಿಲ್ಲ. ಉಳಿ ಹಿಡಿಯುತ್ತಿದ್ದ ಕೈಗೆ ಲೋಟ ಭಾರವಾಯಿತು. ಒಂದು ಸಂಜೆ ದಿಂಬಿಗೊರಗಿ ಕೂತಿದ್ದವನು ಕೇಳಿದ, "ಕೊನೆಗೆ ಯಾವ ಕಂಪ್ಯೂಟರ್ ಒಳ್ಳೇದು ಅಂತ ಬರೆದೆ?"

"ಬಲಗಡೇದು."

"ಅದರ ಮೇಲೆ ಸಿಟ್ಟು ಬರಲ್ವಾ ನಿಂಗೆ?"

"ಬರುತ್ತೆ ರೀ. ಹಾಗಂತ ಸುಳ್ಳು ಬರೆಯೋಕಾಗುತ್ತಾ?"

ಅವನು ಅವಳ ಕೈ ಹಿಡಿದುಕೊಂಡ.

ತೀರ್ಮಾನ ತಿಂಗಳುಗಟ್ಟಲೆ ಎಳೆದು, ಕೊನೆಗೆ ಆಸ್ಪತ್ರೆಯವರು ಎಡಗಡೆಯದನ್ನೇ ಕೊಂಡರು. ರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿತ್ತು, ಚುರುಕಾದದ್ದೇ ಬೇಕೆಂದರು, ಅದರಲ್ಲೂ ನ್ಯಾಯವಿತ್ತು. ಬಲಗಡೆಯದನ್ನು ಪೆಟ್ಟಿಗೆಗೆ ತುಂಬಿ ಒಯ್ದ ವಾರವೇ ಗಂಡ ತೀರಿಕೊಂಡ.

ಚಿತ್ರದಕ್ಕ ಈಗಲೂ ಅದೇ ಕೋಣೆಯಲ್ಲಿ ಕೂರುತ್ತಾಳೆ. ಬರೀ ಮೂಳೆ ನೋಡಿಸಲು ಬಂದವರ ಚಿತ್ರವನ್ನೂ ಮೂಲೆಮೂಲೆ ಜಾಲಾಡದೆ ಬಿಡುವುದಿಲ್ಲ. ಇನ್ನೆಷ್ಟು ಹೊತ್ತು ಅಕ್ಕಾ ಎಂದು ಹೊರಗೆ ಕಾಯುವವರು ಗೊಣಗುತ್ತಾರೆ. ಆಯ್ತು, ಆಯ್ತು ಎನ್ನುತ್ತಾಳೆ, ಪರದೆಯಿಂದ ಕಣ್ಣು ಕೀಳದೆ.