ಏಳನೇ ಕ್ಲೈಂಟ್

ನೀರು ಸರಬರಾಜು ಕಚೇರಿಯಲ್ಲಿ ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಪಾಠ ಹೇಳಿದವರಲ್ಲ, ನಮ್ಮ ಕೋಡಿನಲ್ಲಿ ತಪ್ಪು ಕಂಡಾಗ ಕನ್ನಡಕವನ್ನು ಹಣೆಗೇರಿಸುವ ಗತ್ತು ಹಾಗಿತ್ತು. ಟ್ಯಾಂಕುಗಳ ನೀರಿನ ಮಟ್ಟ ಕೇಳಿ ಬರೆದಿಡುವ ಡೀಮನ್, ಅಂದರೆ ಸರ್ವರಿನೊಳಗೆ ಸದ್ದಿಲ್ಲದೆ ಓಡುತ್ತಲೇ ಇರುವ ಪ್ರೋಗ್ರಾಂ, ಅವರೇ ಸಿ ಭಾಷೆಯಲ್ಲಿ ಬರೆದದ್ದು. ಅದಕ್ಕೀಗ ಇಪ್ಪತ್ತೆರಡು ವರ್ಷ.

ಮಟ್ಟವನ್ನು ಕೈಯಾರೆ ಟೈಪ್ ಮಾಡುವ ಟ್ಯಾಂಕ್ ಒಂದೇ ಉಳಿದಿತ್ತು. ಅಲ್ಲಿಂದ ಸರ್ವರಿಗೆ ಜೋಡಿಸಿದ್ದ ಯಂತ್ರವೇ ಏಳನೇ ಕ್ಲೈಂಟ್. ಆ ಹಳೇ ಯಂತ್ರ ಒಮ್ಮೆ ಸಂಪರ್ಕ ಕಳೆದುಕೊಂಡರೆ ಹೊಸ ಲಾಗಿನ್‌ನಲ್ಲಿ ಒಳಬರಲಾರದು. ಸಂಪರ್ಕ ಇರುವಷ್ಟು ದಿನ ಮಾತ್ರ ಅಲ್ಲಿನ ಹುದ್ದೆ ಎಂದು ಆದೇಶವಾಗಿತ್ತು. ಆ ಹುದ್ದೆಯಲ್ಲಿದ್ದವರು ಮೇಷ್ಟ್ರ ಅಕ್ಕ. ಗಂಡನಿಲ್ಲ, ಬೇರೆ ಕೆಲಸ ಸಿಗುವ ವಯಸ್ಸೂ ಅಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ.

"ಅದನ್ನ ಬಲವಂತವಾಗಿಯಾದ್ರೂ ತೆಗೀರಿ," ಎಂದರು ಸಾಹೇಬರು. ಮೇಷ್ಟ್ರು ಒಂದು ಸಾಲು ಬರೆದರು: ಆ ಸಾಕೆಟ್‌ಗೆ, ಅಂದರೆ ಸಂಪರ್ಕದ ಈ ತುದಿಗೆ, ಕ್ಲೋಸ್. ಪಟ್ಟಿಯಿಂದ ಏಳನೆಯದು ಮಾಯವಾಯಿತು. ಸಾಹೇಬರಿಗೆ ಖುಷಿ.

ನಾಲ್ಕು ದಿನದ ಮೇಲೆ ನಾನು ನೋಡುತ್ತೇನೆ, ಏಳರಿಂದ ಮಟ್ಟ ಬರುತ್ತಲೇ ಇದೆ. ಡೀಮನ್ ಪ್ರತಿ ಕ್ಲೈಂಟಿಗೂ ಒಂದು ಮರಿ ಪ್ರೊಸೆಸ್, ಅಂದರೆ ತನ್ನದೇ ಒಂದು ನಕಲು, ಹುಟ್ಟಿಸುತ್ತದೆ. ಸಾಕೆಟ್ ತಾಯಿಯ ಕೈಯಲ್ಲೂ ಇರುತ್ತದೆ, ಮರಿಯ ಕೈಯಲ್ಲೂ. ತಾಯಿ ಮಾತ್ರ ಕ್ಲೋಸ್ ಮಾಡಿದರೆ ಸಂಪರ್ಕ ಸಾಯುವುದಿಲ್ಲ. ಕಲಿಯುವವರು ಮಾಡುವ ತಪ್ಪು, ಮೇಷ್ಟ್ರು ಮಾಡುವಂಥದ್ದಲ್ಲ. ಮೇಷ್ಟ್ರ ತಪ್ಪು ಹಿಡಿದೆನೆಂಬ ಹಿಗ್ಗಿನಲ್ಲಿ ನನಗೆ ನೆಲವೇ ಕಾಣಲಿಲ್ಲ. ಸಾಹೇಬರ ಎದುರಿಗೇ ಬಾಯಿ ಹಾಕಿದೆ:

"ಸರ್, ಇಲ್ಲಿ ಕ್ಲೋಸ್ ಸಾಲದು. ಮೊದಲು ಶಟ್‌ಡೌನ್ ಕೊಡಬೇಕು, ಆಗ ಎಲ್ಲರ ಕೈಯಿಂದ್ಲೂ ಹೋಗತ್ತೆ."

ಮೇಷ್ಟ್ರು ಕನ್ನಡಕ ಹಣೆಗೇರಿಸಲಿಲ್ಲ. "ಹೌದಲ್ಲ," ಎಂದರು. ಸಾಹೇಬರು ಕುರ್ಚಿಯ ಹಿಂದೆಯೇ ನಿಂತಿದ್ದರು. ಮೇಷ್ಟ್ರು ಆ ಸಾಲು ಸೇರಿಸಿ, ಕಂಪೈಲ್ ಮಾಡಿ, ಏಳು ಎಂದು ಒತ್ತಿದರು. ಮಟ್ಟ ಬರುವುದು ನಿಂತಿತು. ಸಾಹೇಬರು ನನ್ನ ಬೆನ್ನು ತಟ್ಟಿ ಹೋದರು.

ಹತ್ತು ನಿಮಿಷಕ್ಕೆ ಮೇಷ್ಟ್ರಿಗೆ ಫೋನ್ ಬಂತು. ಪಕ್ಕದ ಮೇಜಿನವನಾದ ನನಗೂ ಕೇಳಿಸುವಷ್ಟು ದೊಡ್ಡ ದನಿ.

"ಲೋ, ನಿನ್ನ ಸರ್ವರ್‌ಗೆ ಏನೋ ಆಗಿದೆ ಕಣೋ. ಮಟ್ಟ ಹೋಗ್ತಿಲ್ಲ."

"ನೋಡ್ತೀನಿ, ಅಕ್ಕ."

"ನಿಧಾನಕ್ಕೆ ನೋಡು. ನಿನ್ನ ತಪ್ಪು ಅಂತ ಯಾರಿಗೂ ಹೇಳಲ್ಲ. ಅಲ್ಲೀವರ್ಗೂ ಪುಸ್ತಕದಲ್ಲಿ ಬರೆದಿಟ್ಟಿರ್ತೀನಿ, ಸರಿಹೋದ್ಮೇಲೆ ಎಲ್ಲಾ ಒಟ್ಟಿಗೆ ಕಳಿಸ್ತೀನಿ."

ಮೇಷ್ಟ್ರು ಹೂಂ ಎಂದರು. ನಾನು ತಲೆ ಎತ್ತಲಿಲ್ಲ.