ಹನ್ನೊಂದು ತಿಂಗಳ ಸಾಕ್ಷಿ

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ಒಂದು ಅನುಕೂಲ ಉಂಟು. ಹನ್ನೆರಡು ಪವರ್‌ಲೂಮ್ ಒಟ್ಟಿಗೆ ಓಡುವಾಗ ಬಾಯಿ ಬಿಟ್ಟು ಏನು ಕೂಗಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹೆಂಗಸರು ಅತ್ತೆಯನ್ನು ಬೈಯುವುದೂ ಅಲ್ಲೇ, ಅಳುವುದೂ ಅಲ್ಲೇ. ಮುನಿತಾಯಮ್ಮ ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಲಾಳಿ ಆಚೆಗೂ ಈಚೆಗೂ ಓಡುತ್ತಿದ್ದರೆ ಕಣ್ಣು ನೂಲಿನ ಮೇಲೆ, ಬಾಯಿ ಯೇಸುಸ್ವಾಮಿಯ ಜೊತೆ. ಇಪ್ಪತ್ತೆರಡು ವರ್ಷದಿಂದ ಹೀಗೇ.

ಮದುವೆಯಾಗಿ ಬಂದ ಮನೆಯವರು ಯೇಸುವಿನ ಸಭೆಗೆ ಹೋಗುವವರು. ಇವಳೂ ಹೋದಳು, ಆಮೇಲೆ ಅವರಿಗಿಂತ ಇವಳದೇ ಜೋರಾಯಿತು. ದೀಕ್ಷಾಸ್ನಾನದ ಹೊತ್ತಿಗೆ ಹೆಸರು ಬದಲಾಯಿಸೋಣವೇ ಎಂದು ಪಾಸ್ಟರ್ ಕೇಳಿದ್ದಕ್ಕೆ, ದೇವರಿಗೆ ನನ್ನ ಗುರುತು ಸಿಕ್ಕಿರೋದೇ ಈ ಹೆಸರಲ್ಲಿ, ಮತ್ಯಾಕೆ ಗೊಂದಲ ಅಂದುಬಿಟ್ಟಳಂತೆ. ಬಾಯಿ ಅಂದರೆ ಬಾಯಿ! ಭಾನುವಾರ, ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿಗೆ ಮೊದಲು ಏಳುತ್ತಿದ್ದವಳೂ ಅವಳೇ. ಈ ವಾರ ಕರ್ತನು ನನ್ನ ಹತ್ತಿರ ಮಾತಾಡಿದ ಎಂದು ಶುರು ಮಾಡಿದರೆ ಸಭೆ ಗಪ್‌ಚುಪ್. ಯಾರಿಗೆ ಜ್ವರ ಬಂದರೂ, ಯಾರ ಮಗಳಿಗೆ ಗಂಡು ಗೊತ್ತಾಗದಿದ್ದರೂ ಪ್ರಾರ್ಥನೆಗೆ ಮುನಿತಾಯಮ್ಮನೇ ಬೇಕು.

ಅಂಥವಳ ಹತ್ತಿರ ದೇವರು ಮಾತು ನಿಲ್ಲಿಸಿದ್ದ. ಕಾರಣ ಅಂತ ಏನೂ ಇರಲಿಲ್ಲ. ಮನೆಯಲ್ಲಿ ಸಾವಿಲ್ಲ, ನೋವಿಲ್ಲ. ಒಂದು ದಿನ ಕರೆದರೆ ಆ ಕಡೆ ಯಾರೂ ಇಲ್ಲದ ಹಾಗಾಯಿತು, ಅಷ್ಟೇ. ಬೆಳಿಗ್ಗೆ ಒಂದು ಗಂಟೆ ಬೇಗ ಎದ್ದು ಬೈಬಲ್ ಓದಿದಳು. ಶುಕ್ರವಾರ ಉಪವಾಸ ಹಿಡಿದಳು. ಊಹೂಂ. ಭಾನುವಾರ ಮಾತ್ರ ತಪ್ಪದೆ ಎದ್ದು ನಿಂತು, ಹಳೆಯದನ್ನೇ ಹೊಸದು ಮಾಡಿ ಹೇಳಿಬಿಡುತ್ತಿದ್ದಳು. ದೇವರು ಕೈಬಿಟ್ಟಿದ್ದಾನೆ ಅಂತ ಗೊತ್ತಾದರೆ ಸಭೆಯಲ್ಲಿ ತನ್ನನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ.

ಹೀಗೆ ಹನ್ನೊಂದು ತಿಂಗಳು. ಒಂದು ಶನಿವಾರ ಮಧ್ಯಾಹ್ನ ತಾಳ್ಮೆ ಕೆಟ್ಟು, ಮಗ್ಗದ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದಳು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ಹನ್ನೆರಡೂ ಮಗ್ಗ ಗಕ್ಕನೆ ನಿಂತವು. ಶೆಡ್ಡಿನ ತುಂಬಾ ಅವಳ ದನಿ ಒಂದೇ.

"ಇದ್ದೀಯೋ ಇಲ್ವೋ ಹೇಳ್ಬಿಡು ಸ್ವಾಮಿ! ಹನ್ನೊಂದು ತಿಂಗಳಿಂದ ಸುಳ್ಳು ಹೇಳಿ ಹೇಳಿ ಸಾಕಾಗಿದೆ."

ಎಲ್ಲರೂ ತಿರುಗಿ ನೋಡಿದರು. ಒಂದಿಬ್ಬರು ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮುನಿತಾಯಮ್ಮನಿಗೆ. ಪಕ್ಕದ ಮಗ್ಗದ ಜಬೀನ್ ಮಾತ್ರ ನಗದೆ ನೀರಿನ ಬಾಟಲಿ ಕೊಟ್ಟು, ಇಲ್ಲದವರ ಹತ್ತಿರ ಯಾರಾದರೂ ಇಷ್ಟು ಜಗಳ ಆಡ್ತಾರಾ ಅಕ್ಕಾ ಅಂದಳು.

ಶೆಡ್ಡಿನಲ್ಲಿ ಸಭೆಯವರು ಯಾರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಮುಚ್ಚಿಹೋಗುತ್ತಿತ್ತು. ಆದರೆ ಒಂದು ಸಲ ಕಿವಿಗೆ ಬಿದ್ದ ತನ್ನದೇ ಮಾತು ರಾತ್ರಿಯಿಡೀ ಅವಳನ್ನು ಬಿಡಲಿಲ್ಲ. ಮರುದಿನ ಸಾಕ್ಷಿಗೆ ಎದ್ದವಳು ಹೇಳಿಯೇಬಿಟ್ಟಳು.

"ಕರ್ತನು ನನ್ನ ಹತ್ತಿರ ಮಾತಾಡಿ ಹನ್ನೊಂದು ತಿಂಗಳಾಯ್ತು. ಅಲ್ಲಿಂದ ಇಲ್ಲಿವರೆಗೆ ನಾನು ಹೇಳಿದ್ದೆಲ್ಲ ಸುಳ್ಳು. ಹುಡುಕ್ತಾ ಇದ್ದೀನಿ, ಸಿಕ್ತಿಲ್ಲ. ನನಗೋಸ್ಕರ ಪ್ರಾರ್ಥನೆ ಮಾಡಿ."

ಅಷ್ಟು ಹೇಳಿ ಕೂತುಬಿಟ್ಟಳು.

ಹಿಂದಿನ ಸಾಲಿನಿಂದ ಅಶ್ವತ್ಥಮ್ಮ ಎದ್ದು ಬಂದಳು. ತೂಬಗೆರೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಮುದುಕಿ. ಸಾಕ್ಷಿ ಹೇಳಲು ಇತ್ತೀಚೆಗೆ ಒಂದು ದಿನವೂ ಎದ್ದವಳಲ್ಲ. ಮೊಣಕಾಲು ಹಿಡಿದುಕೊಂಡು ಮುನಿತಾಯಮ್ಮನ ಪಕ್ಕ ಚಾಪೆಯ ಮೇಲೆ ಕೂತಳು.

"ನನಗೆ ನಾಲ್ಕು ವರ್ಷ ಆಯ್ತು ಕಣಮ್ಮ. ವಾರವಾರ ನೀನು ಹೇಳೋದು ಕೇಳಿ, ನನ್ನೊಬ್ಬಳನ್ನೇ ಬಿಟ್ಟುಬಿಟ್ಟಿದ್ದಾನೆ ಅಂದ್ಕೊಂಡಿದ್ದೆ."

ಮುನಿತಾಯಮ್ಮನಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ತನ್ನ ಮಾನಕ್ಕೆ ಹೆದರಿದ್ದಳೇ ಹೊರತು, ತನ್ನ ಮಾತು ಕೇಳಿ ಒಬ್ಬಳು ಹೀಗೆ ಒಳಗೊಳಗೇ ಬೇಯುತ್ತಿರಬಹುದು ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ತಪ್ಪಾಯ್ತು ಅಂದಳು. ಮುದುಕಿ ಅವಳ ಕೈ ಹಿಡಿದು, ಇನ್ನು ಇಬ್ಬರೂ ಸೇರಿ ಹುಡುಕೋಣ ಬಾ ಅಂದಳು.